ಮೇಕೆ ಮೇದ ಜೀಪಿನ ಟಾಪು

ನಾನು ಡಿಗ್ರಿ ಪಾಸಾಗುವುದಿಲ್ಲ ಎಂದು ಹೇಳಿದವನೂ, ನಮ್ಮ ಜೀಪಿಗೆ ಎಫ್.ಸಿ. ಸಿಗುವುದಿಲ್ಲ ಎಂದು ಹೇಳಿದವನೂ ಒಬ್ಬನೇ: ನಮ್ಮ ಸೋದರಮಾವ ತಿಪ್ಪೇಸ್ವಾಮಿ. ಎರಡನ್ನೂ ಒಂದೇ ಜಾಗದಲ್ಲಿ ನಿಂತು ಹೇಳಿದ. ಚಳ್ಳಕೆರೆಯ ನಮ್ಮ ಮನೆ ಅಂಗಳದಲ್ಲಿ, ಜೀಪಿನ ಬಾನೆಟ್ಟಿಗೆ ಬೆನ್ನು ಕೊಟ್ಟು. ಎರಡು ಸಲವೂ ಬಾಯಲ್ಲಿ ಎಲೆ ಅಡಿಕೆ ಇತ್ತು. ಹೇಳಿದ ಮಾತೂ ಅದೇ: "ಆಗಲ್ಲ ಬಿಡು."

ಮಾವನಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ತಿಳಿಯಬೇಡಿ. ಅವನು ಎಲ್ಲದಕ್ಕೂ ಹಾಗೆಯೇ. ಈ ಸಲ ಮಳೆ ಆಗುತ್ತಾ ಮಾವ ಎಂದರೂ ಆಗಲ್ಲ ಬಿಡು ಅನ್ನುತ್ತಿದ್ದ. ನಮ್ಮ ಸೀಮೆಯಲ್ಲಿ ಈ ಒಂದು ವಿಷಯದಲ್ಲಿ ಅವನ ಮಾತು ಬಹುಪಾಲು ನಿಜವಾಗುತ್ತಿದ್ದುದರಿಂದ ಉಳಿದ ವಿಷಯಗಳಲ್ಲೂ ಜನ ಅವನನ್ನು ನಂಬುತ್ತಿದ್ದರು.

ಇದೆಲ್ಲ ನೆನಪಾದದ್ದು ಮೊನ್ನೆ ಸ್ಕೂಟಿಯ ಸೀಟು ಒರೆಸುವಾಗ. ಕೈಯಲ್ಲಿದ್ದ ಒರೆಸುವ ಬಟ್ಟೆಯ ಅಂಚಿನಲ್ಲಿ ಹಲ್ಲಿನ ಗುರುತಿತ್ತು. ಒರೆಸುವ ಬಟ್ಟೆಗೂ ಒಂದು ಇತಿಹಾಸ ಇರುತ್ತದೆ. ನಾನು ಇತಿಹಾಸವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಿದವಳು, ಹಾಗಾಗಿ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನು ಮೊದಲನೆಯವಳು. ಇದನ್ನು ನಾನು ಮಾತಿನ ಮಧ್ಯೆ ಆಗಾಗ ತರುತ್ತೇನೆ ಎಂದು ನಮ್ಮ ಶಾಲೆಯ ಸಹೋದ್ಯೋಗಿಗಳ ದೂರು. ತರುತ್ತೇನೆ. ಕಷ್ಟಪಟ್ಟು ತಂದದ್ದನ್ನು ಮತ್ತೆ ಮತ್ತೆ ತರುವುದರಲ್ಲಿ ತಪ್ಪೇನು?

ಆ ಬಟ್ಟೆ ನಮ್ಮ ಜೀಪಿನ ಟಾಪಿನ ತುಂಡು. ಅಪ್ಪ ಆ ಜೀಪನ್ನು ಚಳ್ಳಕೆರೆಯಿಂದ ಪರಶುರಾಂಪುರಕ್ಕೆ ಸರ್ವೀಸ್ ಓಡಿಸುತ್ತಿದ್ದ. ಒಳಗೆ ಎಷ್ಟು ಜನ ಹಿಡಿಯುತ್ತಾರೆ ಎಂಬ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇರಲಿಲ್ಲ, ಏಕೆಂದರೆ ಇನ್ನು ಹಿಡಿಯುವುದಿಲ್ಲ ಎಂಬ ಸಂದರ್ಭ ಅವನಿಗೆ ಬಂದಿರಲಿಲ್ಲ. ಮೇಲೆ ಕಬ್ಬಿಣದ ಕಮಾನುಗಳು, ಅವುಗಳ ಮೇಲೆ ಕ್ಯಾನ್ವಾಸ್ ಬಟ್ಟೆಯ ಟಾಪು. ಕಮಾನಿಗೆ ಜನ ಚೀಲ ನೇತುಹಾಕುತ್ತಿದ್ದರು, ಕಾಲು ಕಟ್ಟಿದ ಕೋಳಿ ನೇತುಹಾಕುತ್ತಿದ್ದರು, ಒಬ್ಬಳು ಅಜ್ಜಿ ಉಪ್ಪಿನಕಾಯಿ ಭರಣಿಯನ್ನೇ ನೇತುಹಾಕಿದ್ದಳು. ಅದು ತುಳುಕಿ ಟಾಪಿನ ಒಳಮೈಗೆ ಬಿದ್ದ ಕಲೆ ಕೊನೆಯವರೆಗೂ ಇತ್ತು. ಈರುಳ್ಳಿ, ಬೀಡಿ, ಡೀಸೆಲ್, ಕುರಿ, ಉಪ್ಪಿನಕಾಯಿ ಎಲ್ಲ ಸೇರಿದ ಒಂದು ವಾಸನೆ ಅದರೊಳಗೆ ಇರುತ್ತಿತ್ತು. ಇವತ್ತಿಗೂ ಪರೀಕ್ಷೆ ಎಂಬ ಪದ ಕೇಳಿದರೆ ನನ್ನ ಮೂಗಿಗೆ ಆ ವಾಸನೆ ಬರುತ್ತದೆ. ನಾನು ಓದಿದ್ದೆಲ್ಲ ಆ ಟಾಪಿನ ಕೆಳಗೆ.

ಮನೆಯಲ್ಲಿದ್ದದ್ದು ಒಂದೇ ಕೋಣೆ. ಅದರಲ್ಲಿ ಒಲೆ, ಅಜ್ಜಿ, ತಂಗಿಯರು, ಟಿವಿ. ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಅಪ್ಪ ಅಂಗಳದಲ್ಲಿ ಜೀಪು ನಿಲ್ಲಿಸಿ ಊಟಕ್ಕೆ ಹೋದರೆ ನಾನು ಪುಸ್ತಕ ಹಿಡಿದು ಹಿಂದಿನ ಸೀಟಿಗೆ ಹತ್ತುತ್ತಿದ್ದೆ. ಟಾಪಿನಲ್ಲಿ ತೂತುಗಳಿದ್ದವು. ಒಂದೊಂದು ತೂತಿನಿಂದ ಒಂದೊಂದು ಬಿಸಿಲಿನ ರೂಪಾಯಿ ಒಳಗೆ ಬೀಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ರೂಪಾಯಿ ಮೊದಲು ನನ್ನ ಪುಸ್ತಕದ ಮೇಲೆ ಇರುತ್ತಿತ್ತು, ಆಮೇಲೆ ಮೊಣಕಾಲಿಗೆ ಇಳಿಯುತ್ತಿತ್ತು, ಆಮೇಲೆ ಮೆಲ್ಲಗೆ ಮುಂದಕ್ಕೆ ಸರಿದು ಗೇರ್ ಕಡ್ಡಿಯ ಬುಡ ಮುಟ್ಟುತ್ತಿತ್ತು. ಅಲ್ಲಿಗೆ ಅಪ್ಪ ಬರುವ ಹೊತ್ತು. ನಾನು ಇಳಿಯಬೇಕು. ಮೌರ್ಯರು, ಶಾತವಾಹನರು, ಕದಂಬರು ಎಲ್ಲರೂ ನನ್ನ ಪಾಲಿಗೆ ಗೇರ್ ಕಡ್ಡಿಯ ತನಕ ಆಳಿದವರು.

ಅಪ್ಪನಿಗೆ ಓದು ಬರುತ್ತಿರಲಿಲ್ಲ, ಸಹಿ ಬರುತ್ತಿತ್ತು. ನನ್ನನ್ನು ಓದಿಸಬೇಕು ಎಂದು ಅವನಿಗೆ ಯಾಕೆ ಅನ್ನಿಸಿತು ಎಂದು ಒಮ್ಮೆ ಕೇಳಿದ್ದೆ.

"ಜೀಪಿಗೆ ಮೇಷ್ಟ್ರು ಬಂದ್ರೆ ನಾನು ಯಾರ್ನ ಎಬ್ಬಿಸ್ತಿದ್ದೆ?" ಅಂದ.

"ಮುಂದಿನ ಸೀಟ್ನಾಗಿದ್ದೋರ್ನ."

"ಅಷ್ಟೇ."

ಓದಿದರೆ ಮುಂದಿನ ಸೀಟು. ವಿದ್ಯೆಯ ಉದ್ದೇಶದ ಬಗ್ಗೆ ಆಮೇಲೆ ಬಿ.ಎಡ್.ನಲ್ಲಿ ನಾನು ಬೇಕಾದಷ್ಟು ಪುಟ ಬರೆದೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಡಿಗ್ರಿ ಸರ್ಟಿಫಿಕೇಟು ಕಾಲೇಜಿಗೆ ಬಂದ ದಿನ ಅಪ್ಪನೇ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದ. ಎಂಜಿನ್ ಆಫ್ ಮಾಡಿದರೆ ತಳ್ಳಬೇಕಾಗುತ್ತದೆಂದು ಆನ್ ಮಾಡಿಕೊಂಡೇ ಗೇಟಿನ ಹೊರಗೆ ಕೂತಿದ್ದ. ನಾನು ಹೊರಗೆ ಬಂದು ಅವನ ಕೈಗೆ ಕೊಟ್ಟೆ. ಅವನು ನನಗೇ ವಾಪಸು ಕೊಟ್ಟು "ಓದು" ಅಂದ. ಓದಿದೆ. ಕುಲಪತಿಗಳ ಸಹಿ ಇರುವ ಜಾಗದವರೆಗೂ ಓದಿಸಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಗೇರ್ ಹಾಕಿದ. ಮನೆಗೆ ಬಂದಾಗ ತಿಪ್ಪೇಸ್ವಾಮಿ ಮಾವ ಸರ್ಟಿಫಿಕೇಟಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಪೇಪರ್ ದಪ್ಪ ಐತೆ" ಅಂದ. ಅದಕ್ಕೆ ಮುಂಚೆ ಅವನು ನನ್ನನ್ನು "ಏನವ್ವಾ ಡಿಗ್ರಿ" ಎಂದು ಕರೆಯುತ್ತಿದ್ದ. ಡಿಗ್ರಿ ಆದ ಮೇಲೆ ರತ್ನ ಎಂದು ಹೆಸರು ಹಿಡಿದು ಕರೆಯತೊಡಗಿದ.

ಈಗ ನಾನು ಮೊಳಕಾಲ್ಮುರಿನಲ್ಲಿ ಹೈಸ್ಕೂಲು ಟೀಚರು. ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ, ಸಿಕ್ಕರೆ ಮುಂದಿನ ಸೀಟಿನಲ್ಲಿ. ಪ್ರೈವೇಟು ಬಸ್ಸು, ಆಟೋ ಹೆಚ್ಚಾದ ಮೇಲೆ ಅಪ್ಪನ ಸರ್ವೀಸು ನಿಂತಿತು. ಜೀಪು ಅಂಗಳದಲ್ಲೇ ಉಳಿಯಿತು. ಬೀದಿಯವರ ಈರುಳ್ಳಿ ಚೀಲ ಮಾರ್ಕೆಟ್ಟಿಗೆ ಹಾಕಿ ಬರುವುದು, ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡುವುದು, ಇಷ್ಟೇ ಅದರ ಕೆಲಸ. ಆದರೆ ಅಪ್ಪ ಬೆಳಿಗ್ಗೆ ಎದ್ದವನೇ ಜೀಪು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಕೂತು ಕೇಳಿಸಿಕೊಂಡು, ಆಫ್ ಮಾಡಿ, ಕಾಫಿಗೆ ಒಳಗೆ ಬರುತ್ತಾನೆ. ಬೇರೆ ಮನೆಯ ಗಂಡಸರು ರೇಡಿಯೋ ಹಾಕುವ ಹಾಗೆ.

ಅಂತಹ ಜೀಪಿನ ಎಫ್.ಸಿ. ಮುಗಿಯುವುದಕ್ಕೆ ಬಂತು. ಹಳೇ ಗಾಡಿ ಇನ್ನೂ ರಸ್ತೆ ಮೇಲೆ ಓಡಬಹುದು ಎಂದು ಸರ್ಕಾರ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟದು. ಅದಿಲ್ಲದಿದ್ದರೆ ಗಾಡಿ ಬರೀ ಕಬ್ಬಿಣ. ನಮ್ಮ ಮನೆಗೂ ಮಾವನ ಮನೆಗೂ ಅಂಗಳ ಒಂದೇ, ಮಧ್ಯೆ ಗೋಡೆ ಇಲ್ಲ. ಮಾವ ಮೇಕೆ ಸಾಕಿದ್ದಾನೆ. ಮೇಕೆಗಳಿಗೆ ಜಾಗ ಸಾಲದು, ಜೀಪು ನಿಂತ ಕಡೆ ದೊಡ್ಡಿ ಹಾಕಬೇಕು ಎಂದು ಅವನ ಬಹಳ ದಿನದ ಆಸೆ.

"ಲೇ ಓಬಳೇಶ, ಇದಕ್ಕೆ ಎಫ್.ಸಿ. ಆಗಲ್ಲ ಬಿಡು," ಅಂದ ಮಾವ ಅಪ್ಪನಿಗೆ, ಬಾನೆಟ್ಟಿಗೆ ಬೆನ್ನು ಕೊಟ್ಟು. "ಯುಗಾದಿ ತನಕ ನೋಡಾನ. ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕು. ಜಾಗ ಮೇಕೆಗಾತು. ಏನಂತೀಯಾ?"

ಅಪ್ಪ "ಆತು" ಅಂದ.

ಅಪ್ಪನ "ಆತು" ಎಂದರೆ ಆಯಿತು. ಸರ್ವೀಸ್ ಓಡಿಸುವಾಗ ಯಾರಿಗಾದರೂ "ಸಾಯಂಕಾಲ ನಿಮ್ಮೂರು ಗೇಟಿಗೆ ಬರ್ತೀನಿ" ಅಂದಿದ್ದರೆ, ಬೇರೆ ಯಾರೂ ಹತ್ತದಿದ್ದರೂ ಖಾಲಿ ಜೀಪು ಓಡಿಸಿಕೊಂಡು ಹೋಗುತ್ತಿದ್ದವನು. ಯುಗಾದಿಗೆ ಎಫ್.ಸಿ. ಬರದಿದ್ದರೆ ಜೀಪು ಗುಜರಿಗೆ ಹೋಗುತ್ತದೆ ಎಂಬುದರಲ್ಲಿ ನನಗಾಗಲಿ ಅವ್ವನಿಗಾಗಲಿ ಅನುಮಾನ ಇರಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಅಪ್ಪ ಏನು ಮಾಡುತ್ತಾನೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಜಿಲ್ಲಾ ಕೇಂದ್ರದ ಕಚೇರಿಗೆ ಜೀಪು ತೆಗೆದುಕೊಂಡು ಹೋದೆವು. ಇನ್‌ಸ್ಪೆಕ್ಟರು ಒಳ್ಳೆಯವರು. ಎಂಜಿನ್ ನೋಡಿದರು, ಬ್ರೇಕ್ ನೋಡಿದರು, ಲೈಟು ಹಾಕಿಸಿ ನೋಡಿದರು. ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಜೀಪಿನೊಳಗೆ ಕೂತು ತಲೆಯೆತ್ತಿ ಆಕಾಶ ನೋಡಿದರು.

"ಟಾಪು ಸರಿ ಮಾಡಿಸ್ಕೊಂಡು ಬನ್ನಿ ಯಜಮಾನ್ರೇ," ಅಂದರು.

ಬಿಸಿಲಿನ ರೂಪಾಯಿಗಳು ಅವರ ಅಂಗಿಯ ಮೇಲೆಲ್ಲ ಬಿದ್ದಿದ್ದವು. ನನಗೆ ಅವು ಚೆನ್ನಾಗಿಯೇ ಕಂಡವು. ಹೇಳಲಿಲ್ಲ.

ಟಾಪನ್ನು ಸರಿ ಮಾಡುವುದು ಹೇಗೆ? ಪದವೀಧರೆಯಾದ್ದರಿಂದ ನಾನು ಮೊದಲು ಮೊಬೈಲಿನಲ್ಲಿ ನೋಡಿದೆ. ಒಂದು ವಿಡಿಯೋ ಸಿಕ್ಕಿತು. ಒಬ್ಬ ಬಿಳಿಯ ಮನುಷ್ಯ, ಒಂದು ಉದ್ದನೆಯ ಕಾರು. ಅದನ್ನು ಕನ್ವರ್ಟಿಬಲ್ ಅನ್ನುತ್ತಾರಂತೆ. ಗುಂಡಿ ಒತ್ತಿದರೆ ಟಾಪು ತಾನೇ ಎದ್ದು, ತಾನೇ ಮಡಚಿಕೊಂಡು, ಹಿಂದೆ ಹೋಗಿ ಮಲಗುತ್ತದೆ. ಹಾಗೆ ನೋಡಿದರೆ ನಮ್ಮ ಜೀಪೂ ಕನ್ವರ್ಟಿಬಲ್ಲೇ. ಟಾಪು ತೆಗೆಯಬಹುದು, ಹಾಕಬಹುದು. ನಾಲ್ಕು ಮೂಲೆಗೆ ನಾಲ್ಕು ಜನ ಬೇಕು, "ಎಳೀರಿ, ಎಳೀರಿ" ಅನ್ನುವುದಕ್ಕೆ ಇನ್ನೊಬ್ಬ ಬೇಕು, ಅಷ್ಟೇ ವ್ಯತ್ಯಾಸ. ಆ ಮನುಷ್ಯ ಕೂಸಿನ ತಲೆ ಬಾಚುವಂತಹ ಮೆತ್ತನೆಯ ಬ್ರಷ್ಷಿನಿಂದ, ಸೋಪಿನ ನೊರೆಯಲ್ಲಿ, ಒಂದೇ ದಿಕ್ಕಿಗೆ ಟಾಪನ್ನು ಉಜ್ಜುತ್ತಿದ್ದ. ಕೊನೆಗೆ ಅದು ಹೊಸದರಂತೆ ಆಯಿತು. ಅವನು ಅದನ್ನು ಪ್ರೀತಿಯಿಂದ ತಟ್ಟಿದ.

ನಾನು ಬಕೆಟ್ಟು ತಂದೆ.

"ತೊಳೀಬ್ಯಾಡವ್ವಾ," ಅಂದ ಅಪ್ಪ.

"ಯಾಕಪ್ಪಾ?"

"ಕೊಳೆ ಹೋದ್ರೆ ಇನ್ನೇನು ಉಳೀತೈತೆ ಅದ್ರಾಗೆ?"

ಇದು ನಿರಾಶಾವಾದ ಎಂದುಕೊಂಡು ನಾನು ಉಜ್ಜಿದೆ. ಮೊದಲು ಚಹಾ ಬಣ್ಣದ ನೀರು ಬಂತು. ಆಮೇಲೆ ಕೆಂಪು ಮಣ್ಣಿನ ನೀರು ಬಂತು. ಆಮೇಲೆ ಬಂದ ಬಣ್ಣಕ್ಕೆ ನಮ್ಮಲ್ಲಿ ಹೆಸರಿಲ್ಲ. ಪರಶುರಾಂಪುರದ ರಸ್ತೆಯ ಅಷ್ಟೂ ವರ್ಷದ ಧೂಳು ನಮ್ಮ ಅಂಗಳದಲ್ಲಿ ಹರಿದುಹೋಯಿತು. ಒಣಗಿದ ಮೇಲೆ ನೋಡಿದರೆ ಅಪ್ಪ ಹೇಳಿದ್ದು ಬರೀ ವಾಸ್ತವ. ಬಟ್ಟೆಯ ನೂಲುಗಳನ್ನು ಒಂದಕ್ಕೊಂದು ಹಿಡಿಸಿದ್ದದ್ದು ಕೊಳೆಯೇ ಆಗಿತ್ತು. ಟಾಪು ಈಗ ಹಪ್ಪಳದ ಹಾಗೆ ಬಿರುಸಾಗಿ, ಮುಟ್ಟಿದಲ್ಲಿ ಬಿರಿಯುತ್ತಿತ್ತು. ಮಾವ ಬಂದು ಒಂದು ಸುತ್ತು ಹಾಕಿ, ದೊಡ್ಡಿಯ ಅಳತೆಗೆ ಹೆಜ್ಜೆ ಹಾಕಿಕೊಂಡು ಹೋದ.

ಆಗ ಅವ್ವ ರಂಗಕ್ಕಿಳಿದಳು. ಅವ್ವ ವರ್ಷಗಟ್ಟಲೆ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸಿದವಳು. ಅವಳ ಪ್ರಕಾರ ಜಗತ್ತಿನಲ್ಲಿ ಕೆಟ್ಟಿದ್ದೆಲ್ಲ ಎಣ್ಣೆ ಸಾಲದೆ ಕೆಟ್ಟದ್ದು. ಬಾಗಿಲು ಕಿರುಗುಟ್ಟಿದರೆ ಶೇಂಗಾ ಎಣ್ಣೆ, ಮೊಣಕಾಲು ನೋವಿಗೆ ಶೇಂಗಾ ಎಣ್ಣೆ, ಹೊಸ ಚಪ್ಪಲಿ ಕಚ್ಚಿದರೆ ಶೇಂಗಾ ಎಣ್ಣೆ. ಪಿಯುಸಿ ಇಂಗ್ಲಿಷಿನಲ್ಲಿ ನಾನು ಫೇಲಾದಾಗ ಅವಳು ಮಾಡಿದ ಮೊದಲ ಕೆಲಸ ನನ್ನ ತಲೆಗೆ ಎಣ್ಣೆ ಒತ್ತಿದ್ದು. ಮುಂದಿನ ಸಲ ಪಾಸಾದೆ. ಅದಕ್ಕೆ ನಾನು ಓದಿದ್ದೂ ಒಂದು ಕಾರಣ ಎಂದು ಇವತ್ತಿನವರೆಗೂ ಅವಳನ್ನು ಒಪ್ಪಿಸಲು ಆಗಿಲ್ಲ.

"ಬಟ್ಟೆ ಒಣಗೈತೆ. ಎಣ್ಣೆ ಕುಡಿಸಿದ್ರೆ ಮೆತ್ತಗಾಗಿ ಕೂಡ್ಕಂತೈತೆ," ಅಂದಳು. ಭಾನುವಾರ ಬೆಳಿಗ್ಗೆ ಗಾಣದಿಂದ ತಂದ ಎಣ್ಣೆಯನ್ನು ಬಟ್ಟೆಯುಂಡೆಯಲ್ಲಿ ಅದ್ದಿ ಅದ್ದಿ ಟಾಪಿಗೆಲ್ಲ ಹಚ್ಚಿದಳು. ನಿಜ ಹೇಳಬೇಕೆಂದರೆ ಟಾಪು ಮೆತ್ತಗಾಯಿತು. ಕಪ್ಪಗೆ ಮಿರಮಿರ ಮಿಂಚಿತು. ಬಿಸಿಲೇರಿದಂತೆ ಇಡೀ ಅಂಗಳ ಒಗ್ಗರಣೆ ಹಾಕಿದ ಹಾಗೆ ಘಮಘಮ ಅಂದಿತು. ಎಣ್ಣೆ ಹೀರಿಕೊಳ್ಳಲಿ ಎಂದು ಬಿಟ್ಟು ನಾವೆಲ್ಲ ಬಸ್ಸು ಹತ್ತಿ ಪರಶುರಾಂಪುರಕ್ಕೆ ಒಂದು ನಾಮಕರಣಕ್ಕೆ ಹೋದೆವು. ಮಾವನೂ ಬಂದ.

ಇಲ್ಲಿ ಒಂದು ಮಾತು. ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನಮ್ಮೂರಲ್ಲಿ ಮೇಕೆಗೆ ಹಾಕುತ್ತಾರೆ. ಮಾವನ ಮೇಕೆಗಳು ಹುಟ್ಟಿದಾಗಿನಿಂದ ಹಿಂಡಿ ತಿಂದು ಬೆಳೆದವು. ತಾಯಿಯ ವಾಸನೆ ಮರೆತರೂ ಶೇಂಗಾದ ವಾಸನೆ ಮರೆಯುವಂಥವಲ್ಲ. ಈ ವಿಷಯ ನನಗೆ ಗೊತ್ತಿತ್ತು. ಅವ್ವನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿತ್ತು. ಮಾವನಿಗಂತೂ ಗೊತ್ತೇ ಇತ್ತು. ಎಲ್ಲರೂ ನಾಮಕರಣದಲ್ಲಿ ಹೋಳಿಗೆ ತಿನ್ನುತ್ತ ಕೂತಿದ್ದೆವು.

ಮಧ್ಯಾಹ್ನ ವಾಪಸು ಬಂದಾಗ ಒಂದು ಮೇಕೆ ಬಾನೆಟ್ಟಿನ ಮೇಲಿತ್ತು. ಒಂದು ಹಿಂದಿನ ಸೀಟಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಗಡ್ಡದ ಹೋತವೊಂದು ಡ್ರೈವರ್ ಸೀಟಿನ ಮೇಲೆ ಮುಂಗಾಲೂರಿ, ಟಾಪು ಇದ್ದ ಜಾಗದಿಂದ ತಲೆ ಹೊರಗೆ ಹಾಕಿ, ಚುನಾವಣೆಗೆ ನಿಂತವರ ಹಾಗೆ ಬೀದಿಯ ಜನರನ್ನು ನೋಡುತ್ತಿತ್ತು. ಕಮಾನುಗಳು ಮಾತ್ರ ಉಳಿದಿದ್ದವು. ಮೂಲೆಯಲ್ಲಿ ಗುಂಡಿ ಹಾಕಿದ್ದ ಕಡೆ ಅಷ್ಟಿಷ್ಟು ಬಟ್ಟೆ ನೇತಾಡುತ್ತಿತ್ತು. ನನ್ನ ಒರೆಸುವ ಬಟ್ಟೆ ಅದರಲ್ಲಿ ಒಂದು.

ಅಪ್ಪ ಬಾಗಿಲಲ್ಲೇ ನಿಂತ. ಹೋತವೂ ಅವನೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಅಪ್ಪ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಮರುದಿನ ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡುವುದಕ್ಕೆ ಏಳಲಿಲ್ಲ. ನನಗೆ ನೆನಪಿರುವಂತೆ ಹಾಗಾದದ್ದು ಅದೇ ಮೊದಲು. ಅವ್ವ ಕಾಫಿ ಲೋಟ ಹಿಡಿದು ಒಂದು ಗಳಿಗೆ ಅಂಗಳದಲ್ಲಿ ನಿಂತಳು. ಆಮೇಲೆ ಲೋಟ ಕೆಳಗಿಟ್ಟು, ಒಳಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಕರಿ ಕಂಬಳಿ ತಂದು ಅಂಗಳದ ಮಧ್ಯೆ ಹಾಸಿದಳು.

ನಮ್ಮ ಕಡೆ ಕಂಬಳಿ ಹಾಸಿದರೆ ಅದು ಬರೀ ಹಾಸಿಗೆಯಲ್ಲ. ಅದರ ಮೇಲೆ ಕೂತವರು ಸುಳ್ಳು ಹೇಳುವ ಹಾಗಿಲ್ಲ, ಆಡಿದ ಮಾತು ತಿರುಗಿಸುವ ಹಾಗಿಲ್ಲ. ದನ, ಮೇಕೆ ಇನ್ನೊಬ್ಬರ ಬೆಳೆ ಮೇದರೆ ಬೀದಿಯವರು ಹೀಗೆ ಕಂಬಳಿ ಹಾಸಿ ನ್ಯಾಯ ಮಾಡುತ್ತಾರೆ. ಮಾಡುವವನು ಬೇರೆ ಯಾರೂ ಅಲ್ಲ, ತಿಪ್ಪೇಸ್ವಾಮಿ ಮಾವನೇ. ಅವನ ಕಾನೂನು ಸರಳ: ತಿಂದಿದ್ದಕ್ಕೆ ತಿಂದದ್ದನ್ನೇ ಕೊಡಬೇಕು. ಜೋಳ ತಿಂದರೆ ಜೋಳ, ಶೇಂಗಾ ತಿಂದರೆ ಶೇಂಗಾ. ದುಡ್ಡಿನ ಮಾತು ಎತ್ತಬಾರದು.

"ಕೂತ್ಕಾ ಅಣ್ಣಾ," ಅಂದಳು ಅವ್ವ.

"ಯಾಕೆ, ಯಾರ್ದು ನ್ಯಾಯ ಐತೆ ಇವತ್ತು?" ಅಂದ ಮಾವ.

"ನಿಂದೇ."

ಹಾಸಿದ ಕಂಬಳಿಯನ್ನು ದಾಟಿಕೊಂಡು ಹೋಗುವಷ್ಟು ಧೈರ್ಯ ಮಾವನಿಗಿರಲಿಲ್ಲ. ಅಂಚಿನಲ್ಲಿ ಕೂತ.

"ಲೇ, ಬೆಳೆ ಮೇದ್ರೆ ದಂಡ. ಟಾಪು ಏನು ಬೆಳೇನೇ?"

"ಅದಕ್ಕೇನು ಹಚ್ಚಿತ್ತಣ್ಣಾ?"

"ಎಣ್ಣೆ."

"ಯಾವ ಎಣ್ಣೆ?"

"ಶೇಂಗಾ ಎಣ್ಣೆ."

"ಶೇಂಗಾ ಬೆಳೆ ಹೌದೋ ಅಲ್ವೋ?"

ಮಾವ ಎಲೆ ಅಡಿಕೆ ಅಗಿದ. ಅಕ್ಕಪಕ್ಕದವರು ಬೀದಿ ಕಡೆಯ ಗೋಡೆ ಹತ್ತಿರ ಬಂದು ನಿಂತಿದ್ದರು.

"ಹೊಲದಾಗೆ ಇದ್ದಿದ್ದಲ್ಲ ಅದು," ಅಂದ.

"ಕಣದಾಗೆ ಇದ್ದ ಶೇಂಗಾ ಮೇದ್ರೂ ದಂಡ ಐತೆ ಅಂತ ಹೋದ ಸುಗ್ಗೀಲಿ ಇದೇ ಕಂಬ್ಳಿ ಮೇಲೆ ಕೂತು ಹೇಳ್ದೋರು ಯಾರು?"

ಮಾವ ಹೇಳಿದ್ದ. ಗೋಡೆ ಹತ್ತಿರ ನಿಂತವರಲ್ಲಿ ಆ ದಂಡ ಕೊಟ್ಟವನೂ ಇದ್ದ. ಅವನು ಬಹಳ ಆಸಕ್ತಿಯಿಂದ ಕೇಳುತ್ತಿದ್ದ.

"ಬೇಲಿ ಹಾಕ್ಕಬೇಕಿತ್ತು ನೀವು," ಅಂದ ಮಾವ. ಇದು ಅವನ ಕೊನೆಯ ಅಸ್ತ್ರ. ಬೇಲಿ ಇಲ್ಲದ ಬೆಳೆಗೆ ಅರ್ಧವೇ ದಂಡ.

ಅಷ್ಟು ಹೊತ್ತಿಗೆ ಅಪ್ಪ ಎದ್ದು ಬಾಗಿಲಿಗೆ ಬಂದಿದ್ದ. "ನಂಗೂ ನಿಂಗೂ ಮಧ್ಯೆ ಯಾವಾಗ ಬೇಲಿ ಇತ್ತು ಭಾವಾ?" ಅಂದ.

ಮಾವ ಎದ್ದುಹೋಗಿ ಮೂಲೆಯಲ್ಲಿ ಉಗುಳಿ ಬಂದು, ಮತ್ತೆ ಕಂಬಳಿಯ ಮೇಲೆ, ಈ ಸಲ ಮಧ್ಯಕ್ಕೆ ಕೂತ. "ಆತು. ಟಾಪಿಗೆ ಟಾಪು," ಅಂದ. ಮನೆಯಲ್ಲಿ ಓದಿದವಳೆಂದು ನಾನು ಸಾಕ್ಷಿ ಹೇಳಲು ಸಿದ್ಧಳಾಗಿ ಕಂಬಕ್ಕೆ ಒರಗಿ ನಿಂತಿದ್ದೆ. ಯಾರೂ ಏನೂ ಕೇಳಲಿಲ್ಲ.

ಟಾಪು ಹೊಲಿಯುವ ಕುಶನ್ ಅಂಗಡಿಗಳು ಚಳ್ಳಕೆರೆಯಲ್ಲೇ ಇವೆ. ಮಾವ ಒಪ್ಪಲಿಲ್ಲ. ಊರಿಗೆಲ್ಲ ದಂಡ ಹಾಕುವವನು ತಾನೇ ದಂಡ ಕಟ್ಟುವುದನ್ನು ಊರು ನೋಡಬಾರದು. "ಮೊಳಕಾಲ್ಮುರಿಗೆ ಹೋಗಾನ. ಅಲ್ಲಿ ನಮ್ಮನ್ನ ಯಾರೂ ಬಲ್ಲೋರಿಲ್ಲ," ಅಂದ.

ಹೀಗೆ ನಾವು ಟಾಪಿಲ್ಲದ ಜೀಪಿನಲ್ಲಿ, ಯುಗಾದಿಯ ಮುಂಚಿನ ಬಿಸಿಲಿನಲ್ಲಿ, ತಳಕಿನ ಮೇಲೆ ಮೊಳಕಾಲ್ಮುರಿಗೆ ಹೊರಟೆವು. ಮಾವ ಟವೆಲ್ಲನ್ನು ತಲೆಗೆ ಸುತ್ತಿ ಕಣ್ಣು ಮಾತ್ರ ಬಿಟ್ಟುಕೊಂಡಿದ್ದ.

"ಫಾರಿನ್ನಲ್ಲಿ ಹಿಂಗೆ ಬಿಸಿಲು ಕಾಯ್ಸಾಕಂತಲೇ ಟಾಪು ತೆಗೀತಾರಂತೆ ಮಾವ," ಅಂದೆ.

"ಅವರ್ನ ಒಂದು ಸಲ ತಳಕಿನ ರೋಡಿಗೆ ಕರ್ಕಂಬಾ," ಅಂದ ಮಾವ ಟವೆಲ್ಲಿನ ಒಳಗಿನಿಂದ.

ಮೊಳಕಾಲ್ಮುರಿನಲ್ಲಿ ಟಾಪು ಹೊಲಿಯುವವನು ಪಾಲಯ್ಯ. ಎರಡು ರೇಷ್ಮೆ ಸೀರೆ ಅಂಗಡಿಗಳ ಮಧ್ಯೆ ಅವನದೊಂದು ಕಿರಿದಾದ ಅಂಗಡಿ. ಮನೆಮಾತು ತೆಲುಗು, ವ್ಯಾಪಾರ ಎರಡರಲ್ಲೂ. ಜೀಪು ನಿಲ್ಲಿಸುವುದಕ್ಕೂ ಅವನು ಹೊರಗೆ ಬರುವುದಕ್ಕೂ ಸರಿಹೋಯಿತು. ಕಮಾನುಗಳನ್ನು ನೋಡಿ ಮುಖ ಅರಳಿಸಿ, "ಇದೇನಾ ಮೇಕಲು ತಿನ್ನ ಜೀಪು?" ಅಂದ.

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದ.

"ನಾನು ಬಸ್ಸಿನ ಕಂಡಕ್ಟರಿಗೆ ಮಾತ್ರ ಹೇಳಿದ್ದೆ ಮಾವ," ಅಂದೆ.

ಪಾಲಯ್ಯ ಬಟ್ಟೆಗಳನ್ನು ತೋರಿಸಿದ. ಪ್ಲಾಸ್ಟಿಕ್ ಟಾರ್ಪಾಲು, ರೆಕ್ಸಿನ್, ತೆಳು ಕ್ಯಾನ್ವಾಸ್, ದಪ್ಪ ಕ್ಯಾನ್ವಾಸ್. ಮಾವನ ಕೈ ನೇರವಾಗಿ ಟಾರ್ಪಾಲಿನ ಕಡೆ ಹೋಯಿತು. ದಂಡ ಕಟ್ಟುವವರ ಕೈ ಹೋಗುವುದೇ ಅಲ್ಲಿಗೆ.

"ಅದು ಬೇಡ ಪೆದ್ದಾಯನಾ," ಅಂದ ಪಾಲಯ್ಯ, ಮಾವನಿಗೆ ತೆಲುಗಿನಲ್ಲಿ ಹಿರಿಯರ ಮರ್ಯಾದೆ ಕೊಟ್ಟು. "ಒಂದು ಬೇಸ್ಗೆ ತಡಿಯಲ್ಲ. ಆಮ್ಯಾಲೆ ಇನ್ನೊಂದು ಟಾಪು ನಿಮ್ದೇ ಮೇಕೆ ತಿಂತು ಅಂತಾರೆ ಜನ."

ಈ ಮಾತು ಮಾವನಿಗೆ ತಟ್ಟಿತು. ಒಂದೊಂದು ಬಟ್ಟೆಯದೂ ಒಂದೊಂದು ಚೂರು ಕೇಳಿ ಇಸಿದುಕೊಂಡ. ಏನು ಮಾಡುತ್ತಾನೆ ಎಂದು ನೋಡಿದರೆ, ರಸ್ತೆ ದಾಟಿ ಹೋಟೆಲ್ಲಿನ ಪಕ್ಕ ಕಟ್ಟಿದ್ದ ಮೇಕೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತ. ತೆಳು ಕ್ಯಾನ್ವಾಸ್ ಹಿಡಿದ. ಮೇಕೆ ತಿಂದಿತು. ರೆಕ್ಸಿನ್ ಹಿಡಿದ. ಮೇಕೆ ಯೋಚನೆ ಮಾಡಿ ತಿಂದಿತು. ಮೇಣ ಕುಡಿಸಿದ್ದ ದಪ್ಪ ಕ್ಯಾನ್ವಾಸ್ ಹಿಡಿದ. ಮೇಕೆ ಮೂಸಿತು, ಮಾವನ ಮುಖ ನೋಡಿತು, ಮುಖ ತಿರುಗಿಸಿತು. ಮಾವ ಎದ್ದು ಬಂದು ಆ ಚೂರನ್ನು ಪಾಲಯ್ಯನ ಮೇಜಿನ ಮೇಲಿಟ್ಟ.

"ಇದು ಆಗ್ತೈತೆ," ಅಂದ.

ಅವನ ಬಾಯಿಂದ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪನೂ ತಲೆಯೆತ್ತಿ ನೋಡಿದ.

ಹೊಲಿಯುವುದು ಸಾಯಂಕಾಲದವರೆಗೆ ಹಿಡಿಯಿತು. ಮರದ ನೆರಳಿನಲ್ಲಿ ಕೂತೆವು. ನಮ್ಮ ಶಾಲೆಯ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದನ್ನು ಹೇಳಿದೆ. ಅಲ್ಲಿ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ ಇದೆ.

"ಏನು ಬರ್ಸಿದಾನೆ?" ಅಂದ ಮಾವ.

"ಅಪ್ಪ ಅವ್ವನ ಮಾತು ಕೇಳ್ಬೇಕು, ಪ್ರಾಣಿಗಳ ಮೇಲೆ ದಯೆ ಇರ್ಬೇಕು ಅಂತ."

"ಮೇಕೆ ಸಾಕಿದ್ದೋನಲ್ಲ ಅವ್ನು," ಅಂದ ಮಾವ.

"ನೆಂಟರ ಜೊತೆ ನೆಟ್ಟಗೆ ನಡ್ಕೋಬೇಕು ಅಂತಾನೂ ಐತೆ ಮಾವ."

ಮಾವ "ಅಷ್ಟು ವರ್ಷ ಆ ಬರಹ ಮಳೆ ಬಿಸಿಲಿಗೆ ಹೆಂಗೆ ಉಳೀತು?" ಎಂದು ಕೇಳಿದ. ಈಗ ಅದಕ್ಕೊಂದು ಚಾವಣಿ ಹಾಕಿದ್ದಾರೆ ಎಂದೆ. "ನೋಡು ಮತ್ತೆ. ರಾಜಂಗಾದ್ರೂ ಟಾಪು ಬೇಕು," ಅಂದ. ಅವನ ದನಿಯಲ್ಲಿ ಟಾಪು ಹಾಕಿಸುವವರ ಗತ್ತು ಬಂದಿತ್ತು.

ಟಾಪು ಕೂರಿಸಿದ ಮೇಲೆ ಅಪ್ಪ ಒಳಗೆ ಹತ್ತಿ ಸ್ಟೀರಿಂಗ್ ಹಿಡಿದು ಕೂತ. ಬೆರಳಿಂದ ಮೇಲೆ ತಟ್ಟಿದ. ಡೋಲಿನ ಹಾಗೆ ಸದ್ದು ಬಂತು. ನಾನು ಹಳೇ ಅಭ್ಯಾಸದಿಂದ ಹಿಂದಿನ ಸೀಟಿನಲ್ಲಿ ಕೂತು ಮೊಣಕಾಲು ನೋಡಿಕೊಂಡೆ. ಒಂದು ರೂಪಾಯಿಯೂ ಬಿದ್ದಿರಲಿಲ್ಲ.

"ಕತ್ಲಾತು," ಅಂದ ಅಪ್ಪ.

"ಹ್ಞೂಂ," ಅಂದೆ.

ಅಪ್ಪ ಗಾಡಿ ಸ್ಟಾರ್ಟ್ ಮಾಡಿದ.

ಯುಗಾದಿಗೆ ಇನ್ನೇನು ಬೇವಿನ ಹೂವು ತರಬೇಕು ಅನ್ನುವಾಗ ಮತ್ತೆ ಕಚೇರಿಗೆ ಹೊರಟೆವು. ಆ ವಾರವೆಲ್ಲ ಮಾವ ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಲ್ಲಿ ಟಾಪು ಒರೆಸುತ್ತಿದ್ದ, ಮೇಕೆಗಳನ್ನು ಎರಡು ಗಂಟು ಹಾಕಿ ಕಟ್ಟುತ್ತಿದ್ದ, ಅವ್ವ ಎಣ್ಣೆ ಗಿಂಡಿ ಹಿಡಿದು ಅಂಗಳಕ್ಕೆ ಬಂದರೆ "ಅಲ್ಲೇ ನಿಂತ್ಕಾ" ಅನ್ನುತ್ತಿದ್ದ. ಅಪ್ಪ ಮೊದಲಿನ ಹಾಗೆ ಎದ್ದು ಜೀಪು ಸ್ಟಾರ್ಟ್ ಮಾಡತೊಡಗಿದ್ದ. ಇಬ್ಬರಿಗೂ ಈಗ ಬೆಳಿಗ್ಗೆ ಕೆಲಸವಿತ್ತು.

ಹೊರಡುವ ದಿನ ಮಾವ ಬಿಳಿ ಅಂಗಿ ತೊಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತ. ಟಾಪು ಹಾಕಿಸಿದವನು. ಯಾರೂ ಏನೂ ಹೇಳುವ ಹಾಗಿರಲಿಲ್ಲ. ನಾನು ಸುಮ್ಮನೆ ಹಿಂದಕ್ಕೆ ಹತ್ತಲು ಹೋದೆ.

"ಭಾವಾ, ಹಿಂದಕ್ಕೆ ಹೋಗು," ಅಂದ ಅಪ್ಪ. "ಮೇಡಂ ಮುಂದೆ ಕೂತ್ಕಳ್ಳಿ."

ಮಾವ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ, ಇಳಿದ. ಪರಶುರಾಂಪುರದ ಸರ್ವೀಸಿನಲ್ಲಿ ಎಷ್ಟೋ ಜನ ಹಾಗೆ ಇಳಿದದ್ದನ್ನು ನಾನು ಹಿಂದಿನ ಸೀಟಿನಿಂದ ನೋಡಿದ್ದೆ.

ಅದೇ ಇನ್‌ಸ್ಪೆಕ್ಟರು. ಎಂಜಿನ್, ಬ್ರೇಕ್, ಲೈಟು. ಆಮೇಲೆ ಒಳಗೆ ಕೂತು ತಲೆಯೆತ್ತಿದರು. ನಾವು ಮೂವರೂ ಹೊರಗೆ ನಿಂತು ಅವರ ಜೊತೆ ತಲೆಯೆತ್ತಿದೆವು.

"ದಪ್ಪ ಬಟ್ಟೆ ಸಾರ್," ಅಂದ ಮಾವ, ಯಾರೂ ಕೇಳದಿದ್ದರೂ. "ಮೇಕೆ ಮುಟ್ಟಲ್ಲ."

ಇನ್‌ಸ್ಪೆಕ್ಟರು ಒಂದು ಗಳಿಗೆ ಅವನನ್ನು ನೋಡಿ ಏನೋ ಬರೆದುಕೊಂಡರು. ಅದು ಮೇಕೆಯ ಬಗ್ಗೆಯೇ ಇರಬಹುದು ಎಂದು ನನಗೆ ಭಯವಾಯಿತು. ಜೀಪಿನ ಸುತ್ತ ಇನ್ನೊಂದು ಸಲ ನಿಧಾನವಾಗಿ ಬಂದರು, ಹಿಂದಿನ ಗುಂಡಿಗಳನ್ನು ಎಳೆದು ನೋಡಿದರು. ಅಪ್ಪನ ಕೈ ಬಾನೆಟ್ಟಿನ ಮೇಲಿತ್ತು. ಜ್ವರ ಬಂದ ಮಗುವಿನ ಹಣೆಯ ಮೇಲೆ ಇಡುವ ಹಾಗೆ.

"ಆಯ್ತು ಯಜಮಾನ್ರೇ. ಕೌಂಟರ್ ಹತ್ರ ಕಾಯ್ರಿ."

ಕೌಂಟರಿನ ಕಿಟಕಿಯಿಂದ ಸರ್ಟಿಫಿಕೇಟು ಹೊರಗೆ ಬಂತು. ಗುಮಾಸ್ತೆ ಅಪ್ಪನ ಹೆಸರು ಕರೆದು ಅಪ್ಪನ ಕೈಗೇ ಕೊಟ್ಟಳು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಜೀಪಿನ ಹತ್ತಿರ ಬಂದು, ನನಗೆ ಕೊಟ್ಟ.

"ಓದು," ಅಂದ.

ಓದಿದೆ. ಗಾಡಿ ನಂಬರು, ಎಂಜಿನ್ ನಂಬರು, ಮಾಲೀಕನ ಹೆಸರು, ಎಲ್ಲಿಯವರೆಗೆ ಓಡಬಹುದು ಎಂಬ ತಾರೀಕು, ಕೆಳಗಿದ್ದ ಸಹಿಯ ತನಕ. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಾಲೇಜಿನ ಗೇಟಿನ ಹೊರಗೆ ಇದ್ದ ಅದೇ ಮುಖ. ಈ ಸಲ ಜೀಪು ಮಾತ್ರ ಆಫ್ ಆಗಿತ್ತು; ತಳ್ಳಬೇಕಾದರೆ ತಳ್ಳೋಣ ಎಂದು ಆಫ್ ಮಾಡಿದ್ದ.

ಮಾವ ಸರ್ಟಿಫಿಕೇಟು ಇಸಿದುಕೊಂಡು ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ತೆಳ್ಳಗೈತೆ," ಅಂದ. "ನಿಂದು ದಪ್ಪ ಇತ್ತು."

"ಆಗಲ್ಲ ಬಿಡು ಅಂದಿದ್ಯಲ್ಲ ಮಾವ. ಎರಡಕ್ಕೂ," ಅಂದೆ. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತದು.

ಮಾವ ಸರ್ಟಿಫಿಕೇಟನ್ನು ನನಗೆ ವಾಪಸು ಕೊಟ್ಟು, ಯಾರೂ ಹೇಳದೆ ತಾನೇ ಹೋಗಿ ಹಿಂದಿನ ಸೀಟಿಗೆ ಹತ್ತಿ ಕೂತ. ಜೇಬಿನಿಂದ ಎಲೆ ಅಡಿಕೆ ತೆಗೆದ.

"ನಾನು ಆಗಲ್ಲ ಅಂದ್ರೇ ನಿನಗೆ ಆಗ್ತೈತೆ ಕಣೇ ರತ್ನಾ," ಅಂದ. "ಮುಂದಕ್ಕೇನು ಮಾಡ್ಬೇಕಂತಿದೀಯ ಹೇಳು. ಅದಕ್ಕೂ ಅಂದ್ಬಿಡ್ತೀನಿ."